ಮನೆಯಲ್ಲಿ ಹೆಂಡತಿ, ರೇಷನ್ ಕಾರ್ಡಿನಲ್ಲಿ ತಂಗಿ

ನಾನು ಯಾರ ಹೆಂಡತಿ ಎಂಬ ಪ್ರಶ್ನೆ ನನಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಬಂತು. ಬೇರೆ ಹೆಂಗಸರಿಗೆ ಇದು ಹದಿನಾರಕ್ಕೆ ಬಂದು ಹದಿನೇಳಕ್ಕೆ ಮುಗಿದುಹೋಗಿರುತ್ತದೆ. ನನಗೆ ತಡವಾಯಿತು. ಉದಗೀರದ ಮೋಂಢಾದಲ್ಲಿ, ಅಂದರೆ ಕಾಳಿನ ಬಜಾರಿನಲ್ಲಿ, ಒಂದು ಚೀಲ ತೊಗರಿ ಈ ಅಂಗಡಿಯಿಂದ ಆ ಅಂಗಡಿಗೆ ಹೋಗಬೇಕಾದರೂ ಮೂರು ಕಡೆ ಚೀಟಿ ಹರಿಯುತ್ತಾರೆ. ನಾನು ಒಬ್ಬ ಗಂಡಸಿನ ಮನೆಗೆ ಹೋಗಿ ನಲವತ್ತೈದು ವರ್ಷ ಇದ್ದೆ. ಒಂದು ಚೀಟಿಯೂ ಹರಿಯಲಿಲ್ಲ. ಕೊನೆಗೆ ಚೀಟಿ ಇಲ್ಲದ ಮಾಲು ಎಂದು ನನ್ನನ್ನು ಬದಿಗೆ ಸರಿಸಿದರು. ತಪ್ಪು ಸರಿಸಿದವರದಲ್ಲ, ನನ್ನದೂ ಅಲ್ಲ, ಸತ್ತವನದು. ಆದರೆ ಸತ್ತವನನ್ನು ಬೈದರೆ ಓಣಿಯವರು ಮುಖ ಸಿಂಡರಿಸುತ್ತಾರೆ. ಆದ್ದರಿಂದ ಇಲ್ಲಿ ಬರೆದು ಬೈಯುತ್ತೇನೆ.

ಅವನು ಮೋಂಢಾದಲ್ಲಿ ತೋಲಾರನಾಗಿದ್ದ. ಅಂಗಡಿಯ ಮುಂದೆ ನಿಂತು ಕಾಳು ತೂಗುವುದು ಅವನ ಕೆಲಸ. ಅದೇ ಅಂಗಡಿಯ ಮುಂದೆ ಕೂತು ಕಾಳು ಹಸನು ಮಾಡುವುದು ನನ್ನದು. ಹೆಸರು ಹೇಳುವುದಿಲ್ಲ. ನಮ್ಮ ಕಡೆ ಹೆಂಗಸು ಗಂಡನ ಹೆಸರನ್ನು ಬಾಯಿಗೆ ತರುವುದಿಲ್ಲ, ನಾನೂ ತಂದವಳಲ್ಲ. ಬಜಾರಿನ ಮಂದಿ ತೋಲಾರ ಎನ್ನುತ್ತಿದ್ದರು, ನಾನು "ಏ" ಎನ್ನುತ್ತಿದ್ದೆ. ಅಷ್ಟರಲ್ಲೇ ನಲವತ್ತೈದು ವರ್ಷ ಸಾಗಿತು. ಒಳ್ಳೆಯವನೇ ಎಂದು ಕೇಳಿದರೆ, ಹೌದು ಎನ್ನುವಷ್ಟು ಮಾತಾಡಿದವನಲ್ಲ. ಮಾತನ್ನೂ ತೂಗಿ ಕೊಡುತ್ತಿದ್ದ, ಅದೂ ಕಡಿಮೆ ತೂಕ. ಆದರೆ ಹೊಡೆಯುತ್ತಿರಲಿಲ್ಲ. ಹೊಡೆಯುವವನ ಮನೆಯಿಂದ ಬಂದವಳಿಗೆ ಅದೇ ಬಹಳ. ಸಾರಿಗೆ ಉಪ್ಪು ಹೆಚ್ಚಾದರೆ ತಾನೇ ಎದ್ದು ಹೋಗಿ, ನಳದ ಕೆಳಗೆ ತಟ್ಟೆ ಹಿಡಿದು, ನೀರು ಬೆರೆಸಿಕೊಂಡು ಬಂದು ಉಣ್ಣುತ್ತಿದ್ದ. ಮಕ್ಕಳಾಗಲಿಲ್ಲ. ಆದದ್ದು ಮೋಂಢಾದ ಹಿಂದಿನ ಓಣಿಯಲ್ಲಿ ತಗಡಿನ ಎರಡು ಖೋಲಿ, ಅಂದರೆ ಕೋಣೆ, ಅವನ ಹೆಸರಿನಲ್ಲಿ. ಈಗಿನ ತಂಟೆಯೆಲ್ಲ ಆ ಎರಡು ಖೋಲಿಯದು. ಅವು ಕೈಬಿಟ್ಟರೆ ನಾನು ಬಸ್ ಸ್ಟ್ಯಾಂಡಿನ ಫರಸಿಗಲ್ಲಿನ ಮೇಲೆ. ನಡುವೆ ಬೇರೆ ಜಾಗ ಇಲ್ಲ.

ಸಂಕ್ರಮಣ ಮುಗಿದ ಮೂರನೆಯ ದಿನ ಅವನು ಸತ್ತ. ಚಹಾದ ಬಸಿಯನ್ನು ಕೆಳಗಿಟ್ಟು, ನೆಟ್ಟಗೆ ಇಟ್ಟೆನೋ ಇಲ್ಲವೋ ಎಂದು ನೋಡಿ, ಗೋಡೆಗೆ ಒರಗಿದ. ಅಷ್ಟೇ. ನಾನು ಹಬ್ಬಕ್ಕೆಂದು ಕೈಗೆ ಮೂರು ಮೂರರಂತೆ ಹೊಸ ಹಸಿರು ಬಳೆ ಇಡಿಸಿಕೊಂಡಿದ್ದೆ. ಬಳೆಗಾರ್ತಿ ಬಿಗಿಯಾದವನ್ನೇ ಏರಿಸಿಬಿಟ್ಟಿದ್ದಳು. ಮಣ್ಣಿಗೆ ಒಯ್ಯುವ ಮೊದಲು ಹೆಂಡತಿಯ ಬಳೆ ಒಡೆಯುವುದು ಪದ್ಧತಿ. ನಮ್ಮ ಓಣಿಯಲ್ಲಿ ಆ ಕೆಲಸ ಪಕ್ಕದ ಮನೆಯ ಶಾಂತಾಬಾಯಿಯದು. ತನ್ನದು ಒಡೆದ ಮೇಲೆ ಇಪ್ಪತ್ತು ವರ್ಷದಿಂದ ಉಳಿದವರದನ್ನೆಲ್ಲ ಅವಳೇ ಒಡೆಯುತ್ತ ಬಂದಿದ್ದಾಳೆ. ಅದಕ್ಕೆಂದೇ ಒಂದು ನುಣ್ಣನೆಯ ಕಲ್ಲು ಇಟ್ಟಿದ್ದಾಳೆ. ಕಲ್ಲು ತೆಗೆದುಕೊಂಡೇ ಬಂದಳು.

"ಏ ಕಾಶಮ್ಮಾ, ಕೈ ಚಾಚು. ಹೊತ್ತಾಗ್ಲತ್ತದ."

ಅಷ್ಟರಲ್ಲಿ ನಿಲಂಗಾದಿಂದ ಸಂಗಮೇಶ ಬಂದಿಳಿದಿದ್ದ. ಇವನು ಸತ್ತವನ ಅಣ್ಣನ ಮಗ, ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಅಣ್ಣ ಎಂದೋ ತೀರಿಕೊಂಡಿದ್ದಾನೆ, ಆ ಮನೆತನದಲ್ಲಿ ಉಳಿದವನು ಇವನೊಬ್ಬನೇ. ಅವನ ಹೆಂಡತಿ ಬಾಗಿಲಲ್ಲೇ ನಿಂತು ಅಂದಳು: "ಅಯ್ಯ, ಮದಿವೀನೇ ಆಗಿಲ್ಲ, ಬಳಿ ಯಾಕ ಒಡೀತೀರಿ? ಬಳಿ ಒಡದ್ರ ನಾಳಿ ಹೆಂಡ್ತಿ ಅಂತ ಹಕ್ಕ ಕೇಳ್ತಾಳ."

"ನಿನ್ನ ಗಂಡ ಕಾಲೇಜ ಕಲೀಲಿಕ್ಕ ಬಂದು ಎರಡ ವರ್ಷ ಈಕಿ ಕೈಯಾಗಿನ ರೊಟ್ಟಿ ತಿಂದಾನ," ಎಂದಳು ಶಾಂತಾಬಾಯಿ. "ಕಾಕಿ, ಕಾಕಿ ಅಂತ ಹಿಂದ ತಿರಗತಿದ್ದ. ಮದಿವಿ ಕಾಗದ ನೋಡಿ ಅಂತಿದ್ದನೇನ?"

"ಇಬ್ರೂ ಸುಮ್ಮ ಆಗ್ರಿ," ಎಂದೆ ನಾನು. "ನನಗ ಸಕ್ರಿ ಬ್ಯಾನಿ ಅದ. ಬಳಿ ಬಿಗಿ ಅವ. ಒಡದ್ರ ಗಾಜು ಒಳಗ ಹೋಗ್ತದ, ಗಾಯ ಮಾಯಂಗಿಲ್ಲ. ನಾ ಒಡಿಸ್ಕೊಳ್ಳಲ್ಲ."

ಯಾರಿಗೂ ಸಮಾಧಾನವಾಗಲಿಲ್ಲ. ಶಾಂತಾಬಾಯಿ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಖ ತಿರುಗಿಸಿದಳು. ಗಂಡ ಸತ್ತರೂ ಬಳೆ ಇಟ್ಟುಕೊಂಡವಳು, ಅತ್ತೂ ಇಲ್ಲ ಎಂದು ಓಣಿಯಲ್ಲಿ ಹಬ್ಬಿತು. ಅಳು ಬರಲಿಲ್ಲ, ಬಂದಿದ್ದರೆ ಅಳುತ್ತಿದ್ದೆ. ಆ ಹೊತ್ತಿಗೆ ನಾನು, ಬಂದ ಮಂದಿಗೆ ಚಹಾ ಮಾಡಲು ಹಾಲು ಸಾಲುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದೆ.

ಹನ್ನೊಂದನೆಯ ದಿನದ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಸಂಗಮೇಶ ನನ್ನ ಹತ್ತಿರ ಕೂತ. "ಬಾಈ, ನಿಮ್ಮ ಸಾಮಾನ ಎಷ್ಟದ?" ಎಂದ. ಇಷ್ಟು ವರ್ಷ ಕಾಕಿ, ಅಂದರೆ ಚಿಕ್ಕಮ್ಮ, ಆಗಿದ್ದವಳು ಹನ್ನೊಂದು ದಿನದಲ್ಲಿ ಯಾರೋ ಒಬ್ಬ ಬಾಈ ಆಗಿದ್ದೆ.

"ಯಾಕಪ್ಪಾ?"

"ಖೋಲಿ ಖಾಲಿ ಆಗಬೇಕಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ. ಕಾಯ್ದೆ ಪ್ರಕಾರ ನೀವ ಕಾಕಾನ ಹೆಂಡ್ತಿ ಅಲ್ಲ. ಟೆಂಪೋ ನಾನೇ ಹೇಳ್ತೀನಿ, ಸಾಮಾನ ನಾನೇ ಬಿಟ್ಟ ಬರ್ತೀನಿ."

"ಎಲ್ಲಿ ಬಿಡ್ತೀ?"

ಅದನ್ನು ಅವನು ಯೋಚಿಸಿರಲಿಲ್ಲ. ತಗಡು ನೋಡಿ, "ನೀವ ಹೇಳಿದಲ್ಲಿ," ಎಂದ. ಒಳ್ಳೆಯ ಹುಡುಗ, ಚಿಕ್ಕಂದಿನಿಂದಲೂ ಎರಡನೆಯ ಪ್ರಶ್ನೆಗೆ ಉತ್ತರ ಇರುತ್ತಿರಲಿಲ್ಲ.

ಶಾಂತಾಬಾಯಿಗೆ ನನ್ನ ಮೇಲೆ ಸಿಟ್ಟಿತ್ತು, ಸಂಗಮೇಶನ ಮೇಲೆ ಅದಕ್ಕಿಂತ ಹೆಚ್ಚಿತ್ತು. ಅವಳೇ ನನ್ನನ್ನು ವಕೀಲಬಾಯಿಯ ಹತ್ತಿರ ಎಳೆದುಕೊಂಡು ಹೋದಳು. ವಕೀಲಬಾಯಿ ಅಂದರೆ ಮೊಮ್ಮಗಳ ವಯಸ್ಸಿನ ಹುಡುಗಿ, ಕೋರ್ಟಿನ ಎದುರು ಝೆರಾಕ್ಸ್ ಅಂಗಡಿಯ ಮೇಲೆ ಕೂಡುತ್ತಾಳೆ. ನಮ್ಮ ಮಾತು ಬರುತ್ತದೆ, ಕಾಗದ ಮಾತ್ರ ಮರಾಠಿಯಲ್ಲಿ ಬರೆಯುತ್ತಾಳೆ. "ಮಯತ ಆದವರ ಹೆಸರ ಹೇಳ್ರಿ ಆಜಿ," ಎಂದಳು. ನಾನು ಶಾಂತಾಬಾಯಿಯ ಮುಖ ನೋಡಿದೆ. ಶಾಂತಾಬಾಯಿ ಹೇಳಿದಳು. ಹುಡುಗಿ ನಕ್ಕು, "ಇದೊಂದೇ ಪುರಾವೆ ಸಾಕು ಅಂತಿದ್ರ ಕೋರ್ಟಿನಾಗ, ನಿಮ್ಮ ಕೆಲಸ ಇವತ್ತೇ ಆಗ್ತಿತ್ತು," ಎಂದಳು.

ಕಾಯ್ದೆ ಏನನ್ನುತ್ತದೆ ಎಂದು ಅವಳು ತಿಳಿಸಿ ಹೇಳಿದಳು. ಈಗ ಪುಣೆಯಲ್ಲಿ ಓದಿದ ಹುಡುಗ ಹುಡುಗಿಯರು ಮದುವೆ ಇಲ್ಲದೆ ಕೂಡಿ ಇರುತ್ತಾರಂತೆ, ಅದಕ್ಕೆ ಲಿವ್ ಇನ್ ಅನ್ನುತ್ತಾರಂತೆ. ನಾವು ಮಾಡಿದಾಗ ಅದಕ್ಕೆ ಇಂಗ್ಲಿಷ್ ಹೆಸರು ಇರಲಿಲ್ಲ. ಕನ್ನಡದಲ್ಲೂ ಮರಾಠಿಯಲ್ಲೂ ಇದ್ದವು, ಓಣಿಯ ಹೆಂಗಸರು ನಳದ ಹತ್ತಿರ ದಿನಾ ಹೇಳುತ್ತಿದ್ದರು, ಇಲ್ಲಿ ಬರೆಯುವಂಥವಲ್ಲ. ಇರಲಿ. ಗಂಡಸು ಹೆಂಗಸು ಬಹಳ ವರ್ಷ ಗಂಡ ಹೆಂಡತಿಯಂತೆ ಕೂಡಿ ಬಾಳಿದ್ದರೆ, ಸುತ್ತಲಿನ ಮಂದಿ ಹಾಗೆಯೇ ತಿಳಿದಿದ್ದರೆ, ಮದುವೆ ಆಗಿದೆ ಎಂದೇ ಕೋರ್ಟು ಹಿಡಿಯುತ್ತದಂತೆ. ಆಗಿಲ್ಲ ಅನ್ನುವವನೇ ಸಿದ್ಧಮಾಡಿ ತೋರಿಸಬೇಕು. ಇಷ್ಟು ಕೇಳಿದಾಗ ನನಗೆ ಕೋರ್ಟಿನ ಮೇಲೆ ಗೌರವ ಬಂತು. ಐದು ನಿಮಿಷ ಇತ್ತು.

"ಆದ್ರ ಇಬ್ಬರಾಗ ಒಬ್ಬರದ್ದು ಮೊದಲ ಮದಿವಿ ಆಗಿ, ಆ ಗಂಡಾಗಲಿ ಹೆಂಡ್ತಿ ಆಗಲಿ ಜೀವಂತ ಇದ್ರ, ಹಂಗ ಹಿಡಿಯಂಗಿಲ್ಲ. ನಿಮ್ಮದು ಏನರೆ ಇತ್ತೇನ?"

"ಇತ್ತು. ಗುಂಜೋಟಿಯಾಗ. ಮಾಣಿಕಪ್ಪ ಅಂತ."

ಹೆಸರು ಪಟ್ಟನೆ ಬಾಯಿಂದ ಬಂತು. ಅವನ ಹೆಸರು ಹೇಳಲು ನನಗೆ ಎಂದೂ ತೊಡಕಾಗಿಲ್ಲ.

"ಬದುಕ್ಯಾರೇನ?"

"ಸತ್ತ ಸುದ್ದಿ ಬಂದಿಲ್ಲ."

"ಬಿಡುಗಡಿ?"

"ಕಾಡಿಮೋಡ ಆಗ್ಯಾದ."

ಕಾಡಿಮೋಡ ಅಂದರೆ ಕಡ್ಡಿ ಮುರಿಯುವುದು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪಂಚರ ಮುಂದೆ ಗಂಡ ಒಂದು ತುದಿ, ಹೆಂಡತಿ ಒಂದು ತುದಿ ಹಿಡಿದು ಕಡ್ಡಿ ಮುರಿದರೆ ಸಂಬಂಧ ಹರಿಯಿತು. ಕಾಗದ ಇಲ್ಲ, ಸಹಿ ಇಲ್ಲ. ಪದ್ಧತಿ ಇತ್ತು ಎಂದು ಸಾಕ್ಷಿ ಸಮೇತ ತೋರಿಸಿದರೆ ಕೋರ್ಟು ಅದನ್ನೂ ಒಪ್ಪುತ್ತದಂತೆ. "ಪಂಚರು ಎಲ್ಲಿ ಅದಾರ?" ಎಂದು ಕೇಳಿದಳು. ಐದೂ ಮಂದಿ ಮಣ್ಣಿನಲ್ಲಿದ್ದಾರೆ. "ಕಡ್ಡಿ?" ಎಂದಳು ನಗೆಯಲ್ಲಿ. ಮರುದಿನವೇ ಯಾವ ದನ ತಿಂದಿತೋ. ಉಳಿದವನು ಒಬ್ಬನೇ ಸಾಕ್ಷಿ, ಆ ತುದಿ ಹಿಡಿದವನು. ಅವನು ಒಂದು ಮಾತು ಬರೆದುಕೊಟ್ಟರೆ ನಾನು ತೋಲಾರನ ಹೆಂಡತಿ, ಖೋಲಿ ನನ್ನದು.

ಹೀಗೆ ನಲವತ್ತೊಂಬತ್ತು ವರ್ಷದ ಮೇಲೆ ನಾನು ಗುಂಜೋಟಿಗೆ ಹೋದೆ. ಉದಗೀರದಿಂದ ನಿಲಂಗಾ, ನಿಲಂಗಾದಿಂದ ಉಮರಗಾ, ಅಲ್ಲಿಂದ ಜೀಪು. ಅರ್ಧ ದಿನ ಎಸ್‌ಟಿ ಬಸ್ಸಿನಲ್ಲಿ ಕುಲುಕಿ ಕುಲುಕಿ ಸೊಂಟ ಬೇರೆಯವರದಾಗಿತ್ತು. ಆ ಊರಿಂದ ಓಡಿಬಂದಾಗ ಈ ದಾರಿಯ ಅರ್ಧವನ್ನು ನಡೆದೇ ಬಂದಿದ್ದೆ, ಬೆನ್ನ ಮೇಲೆ ಎತ್ತಿನ ಚಬಕಿನ ಬಾಸುಂಡೆ ಇಟ್ಟುಕೊಂಡು. ಮಾಣಿಕಪ್ಪ ಬೇರೊಬ್ಬಳನ್ನು ತಂದಿಟ್ಟುಕೊಂಡ ಮೇಲೆ ಪಂಚರೇ ಕರೆಸಿ ಕಡ್ಡಿ ಮುರಿಸಿದ್ದರು. ಆಕೆಯೂ ಈಗ ಇಲ್ಲ, ಆಕೆಯ ಸೊಸೆ ಬಾಗಿಲಲ್ಲಿ ನನ್ನನ್ನು ಅಳೆದು ನೋಡಿ, ಕೂಡಿರಿ ಅನ್ನುವ ಮೊದಲೇ ಕೇಳಿದಳು: "ಹೊಲದಾಗ ಪಾಲ ಕೇಳ್ಲಿಕ್ಕ ಬಂದೀರೇನ?"

"ಹೊಲ ನೀನೇ ಇಟ್ಕೊ ತಾಯಿ. ನನಗ ಮುದುಕನ ಒಂದ ಮಾತ ಬೇಕು."

ಮಾಣಿಕಪ್ಪ ಹೊರಸಿನ ಮೇಲೆ ಒಣಗಿದ ಹೀರೆಕಾಯಿಯಂತೆ ಬಿದ್ದಿದ್ದ. ಒಂದು ಕಣ್ಣು ಕಾಣುವುದಿಲ್ಲ, ಇನ್ನೊಂದು ಕಾಣುತ್ತದೆ ಎನ್ನುತ್ತಾನೆ. ಹತ್ತಿರ ಕೂತು ಕಿವಿಯಲ್ಲಿ ಕೂಗಿದೆ: "ನಾ ಕಾಶಮ್ಮ. ಪಂಚರ ಮುಂದ ಕಡ್ಡಿ ಮುರದದ್ದು ನೆನಪದ ಏನು?"

ಕಾಣುವ ಕಣ್ಣನ್ನು ನನ್ನ ಕಡೆ ತಿರುಗಿಸಿದ. ಆಮೇಲೆ ಹಲ್ಲಿಲ್ಲದ ಬಾಯಿ ಅಗಲವಾಯಿತು. "ಮುರದಿಲ್ಲ," ಎಂದ. "ಹಸಿ ಜ್ವಾಳದ ದಂಟ ಇತ್ತು. ಬಾಗ್ತು, ಮುರೀಲಿಲ್ಲ. ನಾರು ಹಂಗೇ ಇತ್ತು. ನೀ ಇನ್ನಾ ನನ್ನ ಹೆಂಡ್ತೀನೇ ಅದೀ."

ಇಷ್ಟು ವರ್ಷ ಅದನ್ನು ಎದೆಯಲ್ಲಿಟ್ಟು ಕಾಯ್ದಿದ್ದನೋ ಏನೋ, ಹೇಳಿ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಕೆಮ್ಮು ಹತ್ತಿತು. ನನಗೆ ಮೈ ಉರಿಯಿತು, ಯಾಕೆಂದರೆ ಅದು ಖರೆ. ನನಗೂ ನೆನಪಾಯಿತು. ಮಳೆಗಾಲ, ದಂಟು ಹಸಿಯಾಗಿತ್ತು. ನಾವಿಬ್ಬರೂ ಬಗ್ಗಿಸಿದೆವು, ತಿರುವಿದೆವು, ಅದು ಹರಿಯಲೇ ಇಲ್ಲ. ಹಿರಿಯ ಪಂಚನಿಗೆ ಹೊಲಕ್ಕೆ ಹೋಗುವ ಗಡಿಬಿಡಿ. "ಆತು, ಆತು, ಮುರದಂಗೇ ಅದ, ಚಹಾ ತರ್ರಿ" ಎಂದು ಎದ್ದುಬಿಟ್ಟ. ಇನ್ನೊಂದು ಒಣ ಕಡ್ಡಿ ಹುಡುಕಿ ತರುವಷ್ಟು ಪುರುಸೊತ್ತು ಐದು ಜನರಲ್ಲಿ ಒಬ್ಬನಿಗೂ ಇರಲಿಲ್ಲ. ಸೊಸೆ ಚಹಾ ಕುಡಿಯಲೂ ಬಿಡದೆ ನನ್ನನ್ನು ಜೀಪಿನ ತನಕ ಕಳಿಸಿದಳು.

ಬಂದು ಹೇಳಿದೆ. ವಕೀಲಬಾಯಿ ಪೆನ್ನು ಮುಚ್ಚಿದಳು. ನಾನೂ ಮನೆಗೆ ಬಂದು ಡಬ್ಬಿಗಳನ್ನು ಕೆಳಗಿಳಿಸಿ ಕಟ್ಟಲು ಶುರು ಮಾಡಿದೆ. ನಾಲ್ಕನೆಯ ದಿನ ಅವಳ ಫೋನು ಬಂತು, ಮಾತಿಗಿಂತ ನಗೆ ಹೆಚ್ಚು. ಖೋಲಿಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಸಂಗಮೇಶ ಕಚೇರಿಗೆ ಅರ್ಜಿ ಕೊಟ್ಟಿದ್ದ. ಜೊತೆಗೆ ಆಣೆ ಮಾಡಿ ಒಂದು ಅಫಿಡವಿಟ್ಟು: ಈ ಹೆಂಗಸು ಸತ್ತವರ ಹೆಂಡತಿಯಲ್ಲ, ಬೇಕಾದರೆ ಅವರ ರೇಷನ್ ಕಾರ್ಡು ನೋಡಿರಿ, ಅದರಲ್ಲಿ ಆಕೆ ತಂಗಿ ಎಂದು ಬರೆದಿದೆ.

ಬರೆದದ್ದು ನಿಜ. ಅದನ್ನು ಬರೆಸಿದ್ದು ಅವನೇ, ಸತ್ತವನು. ಇಲ್ಲಿಯೇ ನಾನು ಅವನನ್ನು ಬೈಯಬೇಕೆಂದಿದ್ದದ್ದು. ನಾವು ಕೂಡಿದ ಎರಡನೆಯ ವರ್ಷ ಕಾರ್ಡು ಮಾಡಿಸಲು ಹೋದೆವು. ಕಟ್ಟೆಯ ಹಿಂದೆ ಕೂತ ಕಾರಕೂನ ಗುಂಜೋಟಿಯವನು, ಮಾಣಿಕಪ್ಪನ ದೂರದ ನೆಂಟ, ನನ್ನ ಮುಖ ನೋಡಿದವನಲ್ಲ. ಈ ಬಾಈ ಯಾರು ಎಂದು ಕೇಳಿದ. ಹೆಂಡತಿ ಎಂದರೆ, ಕಾಡಿಮೋಡ ಆಗಿದ್ದರೂ, ಸುದ್ದಿ ಗುಂಜೋಟಿಗೆ ಮುಟ್ಟಿ, ಅಲ್ಲಿಂದ ಬಡಿಗೆ ಹಿಡಿದು ಬಂದಾರು ಎಂದು ನಮ್ಮ ಧೀರನಿಗೆ ಬೆವರು ಬಂತು. "ಬಹೀಣ," ಎಂದ. ಬಹೀಣ ಅಂದರೆ ತಂಗಿ. ಕಾರಕೂನ ಹಾಗೇ ಬರೆದು, ನನ್ನ ಹೆಸರಿನ ಮುಂದೆ ಅವನ ಅಪ್ಪನ ಹೆಸರನ್ನೂ ಕೂಡಿಸಿದ. ಅಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ, "ಅಣ್ಣಾ, ಉಣ್ಣಲಿಕ್ಕೆ ಏಳೋ" ಎಂದು ಕರೆದೆ. ಮೂರು ದಿನ ತಲೆ ಎತ್ತಲಿಲ್ಲ. ಮುಂದಿನ ತಿಂಗಳು ಬದಲಿ ಮಾಡಿಸುತ್ತೇನೆ ಎಂದ. ಆ ತಿಂಗಳು ಬರಲೇ ಇಲ್ಲ. ಕಾರ್ಡು ನೋಡಿ ಮತದಾರರ ಚೀಟಿ ಮಾಡಿದರು, ಅದನ್ನು ನೋಡಿ ಆಧಾರ ಮಾಡಿದರು. ಹೊಸ ಕಾಗದ ಬಂದಾಗಲೆಲ್ಲ ನಾನು ಇನ್ನಷ್ಟು ಗಟ್ಟಿಯಾಗಿ ಅವನ ತಂಗಿಯಾಗುತ್ತ ಹೋದೆ.

"ಆಜಿ, ಕೇಳ್ರಿ ಇಲ್ಲಿ," ಎಂದಳು ವಕೀಲಬಾಯಿ. "ಹೆಂಡ್ತಿ, ಮಕ್ಕಳು, ತಾಯಿ ಇಲ್ಲದಾಂವ ಸತ್ರ, ಅಣ್ಣನ ಮಗನಕಿಂತ ಮೊದಲ ತಂಗಿ ಬರ್ತಾಳ. ಕಾಯ್ದೇನೇ ಹಂಗದ. ನೀವು ತಂಗಿ ಅಂತ ಆಂವ ತಾನೇ ಆಣಿ ಮಾಡಿ ಬರಕೊಟ್ಟಾನ. ಆದ್ರ ನೀವು ಸುಳ್ಳ ಹೇಳ್ರಿ ಅಂತ ನಾ ಅನ್ನಲ್ಲ. ವಿಚಾರ ಮಾಡಿ ಬರ್ರಿ."

ವಿಚಾರಕ್ಕೆ ಎಷ್ಟು ಹೊತ್ತು ಬೇಕು? ಕಟ್ಟಿದ ಡಬ್ಬಿಗಳನ್ನು ಬಿಚ್ಚಿ ಮೇಲೆ ಇಡುವಷ್ಟು ಹೊತ್ತು. ಖರೆ ಹೇಳಿದರೆ ಫರಸಿಯ ಮೇಲೆ ಮಲಗಬೇಕು, ಸುಳ್ಳು ಹೇಳಿದರೆ ನನ್ನ ಹೊರಸಿನ ಮೇಲೆ. ಎಪ್ಪತ್ತೊಂದರ ಸೊಂಟವನ್ನು ಕೇಳಿದರೆ ಉತ್ತರ ಕೊಡುತ್ತದೆ.

ಈ ಸುದ್ದಿ ಸಂಗಮೇಶನಿಗೆ ಯಾರು ಮುಟ್ಟಿಸಿದರೋ, ಮರುವಾರವೇ ಓಣಿಗೆ ಓಡಿಬಂದ. "ಕಾಕೀ!" ಎಂದು ಅಂಗಳದಲ್ಲಿ ಕೂಗಿದ. ಮತ್ತೆ ಕಾಕಿಯಾದೆ. ನಲವತ್ತೈದು ವರ್ಷ ನಾನು ಅವನ ಕಾಕಾನ ಹೆಂಡತಿಯೇ ಆಗಿದ್ದೆ, ಇದಕ್ಕೆ ಓಣಿಯೇ ಸಾಕ್ಷಿ ಎಂದು ಮನೆ ಮನೆಗೆ ಹೋಗಿ ಸಹಿ ಕೇಳತೊಡಗಿದ. ನಾನು ಹೆಂಡತಿ ಎಂದು ಸಿದ್ಧವಾದರೆ ತಂಗಿಯ ಹಕ್ಕು ಬಿದ್ದೀತು. ಮೊದಲ ಗಂಡ ಬದುಕಿರುವುದರಿಂದ ಹೆಂಡತಿಯ ಹಕ್ಕೂ ಬಿದ್ದೀತು. ಇದನ್ನು ಅವನಿಗೆ ಯಾರೋ ಹುಷಾರಿ ವಕೀಲ ಹೇಳಿಕೊಟ್ಟಿದ್ದ. ಶಾಂತಾಬಾಯಿ ಕಸಬರಿಗೆ ಹಿಡಿದೇ ಬಾಗಿಲಿಗೆ ಬಂದಳು.

"ಅವತ್ತ ನಾ ಬಳಿ ಒಡೀಲಿಕ್ಕ ಬಂದ್ರ ನಿನ್ನ ಹೆಂಡ್ತಿ ಏನಂದ್ಳು? ಮದಿವಿ ಆಗಿಲ್ಲ ಅಂದ್ಳು. ಈಗ ನೀ ಮದಿವಿ ಮಾಡ್ಸಲಿಕ್ಕ ಬಂದೀಯೇನ? ಮದುಮಗ ಎಲ್ಲಿ ಅದಾನ, ಕರ್ಕೊಂಡ ಬಾ!"

ಒಂದು ಸಹಿಯೂ ಬೀಳಲಿಲ್ಲ. ನಳದ ಹತ್ತಿರ ನನ್ನನ್ನು ಏನೇನೋ ಅಂದ ಹೆಂಗಸರೇ, ನಮಗೇನೂ ಗೊತ್ತಿಲ್ಲ ಎಂದು ಬಾಗಿಲು ಹಾಕಿಕೊಂಡರು. ನನಗೆ ಅವರ ಮೇಲೆ ಪ್ರೀತಿ ಬರಲಿಲ್ಲ. ಆದರೆ ಆ ವಾರ ಯಾ‌ರ ಜೊತೆಗೂ ಜಗಳ ತೆಗೆಯಲಿಲ್ಲ.

ಯುಗಾದಿಗೆ ಸ್ವಲ್ಪ ಮೊದಲು ಕಚೇರಿಗೆ ಕರೆದರು. ಸಾಹೇಬ ಚಿಕ್ಕ ವಯಸ್ಸಿನವನು, ಮೂಗಿನ ತುದಿಯಲ್ಲಿ ಕನ್ನಡಕ. "ಮಯತ ತುಮಚಾ ಕೋಣ?" ಎಂದ. ಸತ್ತವನು ನಿನಗೆ ಏನಾಗಬೇಕು ಎಂದು. ಕಾಗದದಲ್ಲಿ ಬರೆದಿದೆ, ನೋಡಿಕೊಳ್ಳಿರಿ ಸಾಹೇಬ ಎಂದೆ. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಸಂಗಮೇಶ ನನ್ನ ಮನೆಯಲ್ಲಿ ಎರಡು ವರ್ಷ ಉಂಡವನು, ನನ್ನ ಬಾಯಿಂದ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಅವನಿಗೆ ಗೊತ್ತು. ಎದ್ದು ನಿಂತ.

"ಸಾಹೇಬ, ಆಕಿ ಹೆಂಡ್ತೀನೇ. ಪರೀಕ್ಷಾ ಮಾಡ್ರಿ. ಕಾಕಾನ ಹೆಸರ ಬಾಯಿಲೆ ಹೇಳಲಿ. ಆಕಿ ಹೇಳಂಗಿಲ್ಲ. ಜಲ್ಮದಾಗ ಹೇಳಿಲ್ಲ."

ಸಾಹೇಬನಿಗೆ ತಿಳಿಯಿತು. ಅವನ ಮನೆಯಲ್ಲೂ ತಾಯಿ ಇರಬೇಕಲ್ಲ. ಕನ್ನಡಕ ತೆಗೆದು ಕಾಗದದ ಮೇಲಿಟ್ಟು ನನ್ನನ್ನು ನೋಡಿದ. ಮೇಲೆ ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಹೊಡೆಸಿಕೊಂಡಾಗಲೂ, ಬೆನ್ನು ಬಾಸುಂಡೆ ಎದ್ದು ನಡೆದುಬಂದಾಗಲೂ ನನ್ನ ನಾಲಿಗೆ ಅಷ್ಟು ದಪ್ಪವಾಗಿರಲಿಲ್ಲ.

"ಸಿದ್ರಾಮ," ಎಂದೆ. "ಸಿದ್ರಾಮ ಬಸಲಿಂಗಪ್ಪ. ನಮ್ಮ ಅಣ್ಣ."

ಸಂಗಮೇಶ ಕೂತುಬಿಟ್ಟ. ಸಾಹೇಬ ಶಿಕ್ಕಾ ಒತ್ತಿದ. ನಾನು ಹೊರಗೆ ಬಂದು ಕಚೇರಿಯ ನಳದಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿದೆ. ಬಿಸಿಲಿತ್ತು.

ಹೀಗೆ ಖೋಲಿ ಉಳಿಯಿತು. ಲೆಕ್ಕ ಇಷ್ಟಾಯಿತು: ಯಾರ ಜೊತೆ ನಲವತ್ತೈದು ವರ್ಷ ಬಾಳಿದೆನೋ ಅವನಿಗೆ ನಾನು ತಂಗಿ, ಯಾರನ್ನು ಬಿಟ್ಟು ಓಡಿಬಂದೆನೋ ಅವನಿಗೆ ಹೆಂಡತಿ. ಗಂಡ ಬದುಕಿರುವ ಮುತ್ತೈದೆ ಎಂದು ಶ್ರಾವಣದಲ್ಲಿ ಯಾರಾದರೂ ಉಡಿ ತುಂಬಲು ಕರೆದಾರು ಎಂದು ಒಳಗೊಳಗೇ ಅಂಜಿಕೆ ಇತ್ತು. ಅದರ ಅವಶ್ಯಕತೆ ಬೀಳಲಿಲ್ಲ. ಕಾರ ಹುಣ್ಣಿಮೆ ಆದ ವಾರಕ್ಕೆ ಗುಂಜೋಟಿಯ ಸೊಸೆಯ ಫೋನು ಬಂತು: "ಮಾವ ಹೋದ. ತಿಳಸಬೇಕಂತ ತಿಳಸ್ದೆ. ನೀವ ಬರಬ್ಯಾಡ್ರಿ. ಬಂದ್ರ ಮಂದಿ ಹೆಂಡ್ತಿ ಅಂತಾರ."

ಬರುವುದಿಲ್ಲ ಎಂದು ಫೋನು ಇಟ್ಟೆ. ನನ್ನ ಫೋನಿನ ದನಿ ದೊಡ್ಡದು, ಗೋಡೆಯಾಚೆ ಕೇಳುತ್ತದೆ. ಚಹಾದ ನೀರು ಕುದಿಯುವುದರೊಳಗೆ ಶಾಂತಾಬಾಯಿ ಕಲ್ಲು ಹಿಡಿದು ಬಂದು ಕಟ್ಟೆಯ ಮೇಲೆ ಕೂತಿದ್ದಳು. ನಾನು ಒಲೆ ಆರಿಸಿ ಬಂದು ಅವಳ ಮುಂದೆ ಕೂತು ಎರಡೂ ಕೈ ಚಾಚಿದೆ. ಅದೇ ಆರು ಹಸಿರು ಬಳೆ. ಅವಳು ಕಲ್ಲು ಎತ್ತಿ ನಿಲ್ಲಿಸಿದಳು.

"ಯಾರ ಹೆಸರಲೆ ಒಡೀಲಿ? ಗುಂಜೋಟ್ಯಾಂವಂದೋ, ನಮ್ಮ ಓಣಿಯಾಂವಂದೋ? ಬಾಯಿಬಿಟ್ಟ ಹೇಳು."

ನಾನು ಅಂಗಳದ ನಳ ನೋಡಿದೆ.

"ಹೇಳಂಗಿಲ್ಲೇನ?"

ಹೇಳಲಿಲ್ಲ. ಶಾಂತಾಬಾಯಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಹೂಂ, ಗೊತ್ತಾತು," ಎಂದು ಹೊಡೆದಳು. ಮೂರನೆಯ ಬಳೆಯ ಚೂರು ಮಣಿಕಟ್ಟಿನೊಳಗೆ ಹೋಯಿತು. ಕಣ್ಣಲ್ಲಿ ನೀರು ಬಂತು. ಐದು ತಿಂಗಳ ಹಿಂದೆಯೇ ಹೇಳಿದ್ದೆ, ಗಾಜು ಒಳಗೆ ಹೋಗುತ್ತದೆ ಎಂದು. ನನ್ನ ಮಾತು ಯಾರು ಕೇಳುತ್ತಾರೆ. ಗಾಯ ಇನ್ನೂ ಮಾಗಿಲ್ಲ.